ಹೆಸರಿಲ್ಲದ ಹಳದಿ ಚುಕ್ಕೆ

ದೀಪಾವಳಿಗೆ ಊರಿಗೆ ಹೋದಾಗ ಅಡಿಕೆ ತೋಟದಿಂದ ಒಂದು ಹಿಡಿ ಮಣ್ಣು ತಂದಿದ್ದೆ. ಅದರಲ್ಲಿ ಸಿಕ್ಕ ಒಂದು ಬ್ಯಾಕ್ಟೀರಿಯಾದ 16ಎಸ್ ಜೀನ್ (ಬ್ಯಾಕ್ಟೀರಿಯಾಗಳ ಗುರುತು ಹಿಡಿಯಲು ಓದುವ ಜೀನ್) ರಿಪೋರ್ಟ್ ಇವತ್ತು ಬಂತು. ಗೊತ್ತಿರುವವುಗಳಲ್ಲಿ ಅತಿ ಹತ್ತಿರದ ನೆಂಟನ ಜೊತೆ ಹೋಲಿಕೆ ಶೇ 97.9. ಶೇ 98.7ಕ್ಕಿಂತ ಕಡಿಮೆಯಿದ್ದರೆ ಹೊಸ ಪ್ರಭೇದ ಇರಬಹುದು ಅಂತ ಲೆಕ್ಕ. ಇರಬಹುದು, ಅಷ್ಟೇ! ಇನ್ನು ಪೂರ್ತಿ ಜೀನೋಮ್, ಅಂದರೆ ಅದರ ಇಡೀ ಡಿಎನ್‌ಎ, ಓದಿಸಬೇಕು. ಯಾವ ಸಕ್ಕರೆ ತಿನ್ನುತ್ತೆ, ಎಷ್ಟು ಉಪ್ಪು ತಡೆಯುತ್ತೆ, ಕೋಶದಲ್ಲಿ ಯಾವ ಕೊಬ್ಬಿದೆ, ಎಲ್ಲ ನೋಡಬೇಕು. ಆಮೇಲೆ ಲ್ಯಾಬಲ್ಲಿ ಬೆಳೆಸಿದ ಜೀವಂತ ಕಲ್ಚರನ್ನು ಎರಡು ಬೇರೆ ಬೇರೆ ದೇಶಗಳ ಸೂಕ್ಷ್ಮಜೀವಿ ಸಂಗ್ರಹಗಳಿಗೆ ಕೊಡಬೇಕು. ಮದುವೆಗೆ ಜಾತಕ ಕೂಡಿಸೋದೇ ಇದಕ್ಕಿಂತ ಸುಲಭ.

ವಿಶ್ವಭಾರತಿ ವಿಶ್ವವಿದ್ಯಾಲಯದವರು 2023ರಲ್ಲಿ ತಮಗೆ ಸಿಕ್ಕ ಮಣ್ಣಿನ ಬ್ಯಾಕ್ಟೀರಿಯಾಕ್ಕೆ ರವೀಂದ್ರನಾಥ ಠಾಕೂರರ ನೆನಪಲ್ಲಿ ‘ಪ್ಯಾಂಟೋಯಿಯಾ ಟಾಗೋರಿ’ ಅಂತ ಹೆಸರಿಟ್ಟರು. ನಾನೂ ಮಧ್ಯಾಹ್ನವೆಲ್ಲ ಊರಿನ ಹೆಸರಿಗೆ ಲ್ಯಾಟಿನ್ ಬಾಲ ಅಂಟಿಸಿ ನೋಡುತ್ತಾ ಕೂತಿದ್ದೆ. ಕೂಸು ಹುಟ್ಟುವ ಮುಂಚೆ ಕುಲಾವಿ!

ಅಮ್ಮನಿಗೆ ಫೋನ್ ಮಾಡಿ ಹೇಳಿದೆ. “ಎಂಥ ಹೊಸದು ಮಾರಾಯ್ತಿ? ಅದು ನಿನ್ನಜ್ಜನ ಕಾಲದಿಂದ ತೋಟದಲ್ಲೇ ಇದ್ದಿರ್ತದೆ. ನೀವು ನೋಡಿರ್ಲಿಲ್ಲ ಅಷ್ಟೆ” ಅಂದಳು.

ಫ್ರಿಜ್‌ನಿಂದ ಆ ಬ್ಯಾಕ್ಟೀರಿಯಾ ಬೆಳೆಸಿದ ಪ್ಲೇಟ್ ತೆಗೆದು ಮತ್ತೆ ನೋಡಿದೆ. ಸಾಸಿವೆಗಿಂತ ಚಿಕ್ಕ ತಿಳಿಹಳದಿ ಚುಕ್ಕೆಗಳು. ಮುಚ್ಚಳದ ಮೇಲೆ ನನ್ನದೇ ಅಕ್ಷರ: ‘ತೋಟ-7’.