ಬೇರೆ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಓದಲು ಹೋಗುವವರಿಗೆ

1956ಕ್ಕೆ ಮೊದಲು ಕನ್ನಡ ನಾಡು ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಎಂದು ಹಂಚಿಹೋಗಿದ್ದುದರಿಂದ ಆ ಕಾಲದ ಕನ್ನಡ ಪುಸ್ತಕಗಳೂ ಪತ್ರಿಕೆಗಳೂ ಹಾಗೆಯೇ ಚದುರಿಹೋಗಿವೆ. ಮೈಸೂರು ವಿಶ್ವವಿದ್ಯಾಲಯದಲ್ಲಿ ಇರುವುದು ಧಾರವಾಡದಲ್ಲಿ ಇರಬೇಕೆಂದಿಲ್ಲ. ಮದರಾಸು ವಿಶ್ವವಿದ್ಯಾಲಯವು ತನ್ನ ಕನ್ನಡ ಗ್ರಂಥಮಾಲೆಯಲ್ಲಿ ಪ್ರಕಟಿಸಿದ ಹಳಗನ್ನಡ ಕೃತಿ ಎರಡೂ ಕಡೆ ಸಿಗದೆ ಹೋಗಬಹುದು. ಆದ್ದರಿಂದ ಕನ್ನಡದಲ್ಲಿ ಸಂಶೋಧನೆ ಮಾಡುವವರು ಒಂದಲ್ಲ ಒಂದು ದಿನ ತಮ್ಮದಲ್ಲದ ಗ್ರಂಥಾಲಯದ ಮೆಟ್ಟಿಲು ಹತ್ತಲೇಬೇಕಾಗುತ್ತದೆ.

ಹೊರಡುವ ಮುನ್ನ ಬೇಕಾದುದು ಅಲ್ಲಿ ಇದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಪಿಎಚ್‌ಡಿ ಪ್ರಬಂಧವಾದರೆ, ಭಾರತದ ವಿಶ್ವವಿದ್ಯಾಲಯಗಳ ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾದಲ್ಲಿ ಹುಡುಕಿದರೆ ಪ್ರಯಾಣವೇ ಉಳಿಯಬಹುದು. ಪುಸ್ತಕವಾದರೆ ಆಯಾ ಗ್ರಂಥಾಲಯದ ಆನ್‌ಲೈನ್ ಕ್ಯಾಟಲಾಗ್ ನೋಡಬೇಕು. ಕನ್ನಡ ಶೀರ್ಷಿಕೆಗಳು ಅನೇಕ ಕಡೆ ರೋಮನ್ ಲಿಪಿಯಲ್ಲಿ, ಒಂದೊಂದು ಕಡೆ ಒಂದೊಂದು ರೀತಿಯ ಕಾಗುಣಿತದಲ್ಲಿ ನಮೂದಾಗಿರುವುದರಿಂದ, ದೀರ್ಘಾಕ್ಷರವನ್ನೂ ‘ಶ’ಕಾರವನ್ನೂ ಬದಲಿಸಿ ಬದಲಿಸಿ ಹುಡುಕದೆ ‘ಇಲ್ಲ’ ಎಂಬ ತೀರ್ಮಾನಕ್ಕೆ ಬರಬಾರದು. ಸಿಕ್ಕ ಪುಸ್ತಕಗಳ ಕಾಲ್ ನಂಬರುಗಳನ್ನು (ಕಪಾಟಿನಲ್ಲಿ ಪುಸ್ತಕದ ಜಾಗ ತೋರಿಸುವ ಸಂಖ್ಯೆಗಳನ್ನು) ಬರೆದುಕೊಂಡು ಹೋದರೆ ಅಲ್ಲಿನ ಸಿಬ್ಬಂದಿಗೂ ಕೆಲಸ ಹಗುರವಾಗುತ್ತದೆ.

ಇನ್ನು ಪರಿಚಯ ಪತ್ರದ ವಿಚಾರ. ಸಾಮಾನ್ಯವಾಗಿ ಎಲ್ಲರೂ ಮಾರ್ಗದರ್ಶಕರ ಅಥವಾ ವಿಭಾಗದ ಮುಖ್ಯಸ್ಥರ ಪತ್ರವನ್ನು ಒಯ್ಯುತ್ತಾರೆ. ನಮ್ಮದೇ ಗ್ರಂಥಪಾಲಕರಿಂದ ಇನ್ನೊಂದು ಪತ್ರವನ್ನೂ ಪಡೆಯುವುದು ಒಳ್ಳೆಯದೆಂದು ನಾನು ಒತ್ತಿ ಹೇಳುತ್ತೇನೆ; ಏಕೆಂದರೆ ಇಂತಿಂಥ ಪುಸ್ತಕಗಳು ನಮ್ಮಲ್ಲಿಲ್ಲ ಎಂದು ಅಧಿಕೃತವಾಗಿ ಹೇಳಬಲ್ಲವರು ಅವರೊಬ್ಬರೇ. ಪತ್ರದಲ್ಲಿ ಸಂಶೋಧನೆಯ ವಿಷಯ, ನೋಡಬೇಕಾದ ಸಾಮಗ್ರಿ ಮತ್ತು ಭೇಟಿಯ ದಿನಾಂಕಗಳು ಸ್ಪಷ್ಟವಾಗಿರಬೇಕು. ಅದರ ಪ್ರತಿಯನ್ನು ಮೊದಲೇ ಇಮೇಲ್ ಮಾಡಿ, ಶುಲ್ಕವನ್ನೂ ರಜಾದಿನಗಳನ್ನೂ ಫೋನಿನಲ್ಲಿ ವಿಚಾರಿಸಿಕೊಳ್ಳಬೇಕು. ಗುರುತಿನ ಚೀಟಿ ಮತ್ತು ಭಾವಚಿತ್ರ ಹೇಗೂ ಬೇಕು.

ಹೊರಗಿನವರಿಗೆ ಪುಸ್ತಕವನ್ನು ಮನೆಗೆ ಕೊಡುವುದು ಅಪರೂಪ. ಅಲ್ಲಿಯೇ ಕುಳಿತು ಓದಬೇಕು. ಇದನ್ನು ಅವಮಾನವೆಂದು ಭಾವಿಸಬೇಕಾಗಿಲ್ಲ. 1602ರಲ್ಲಿ ಓದುಗರಿಗೆ ತೆರೆದ ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯವು 1645ರಲ್ಲಿ ದೊರೆ ಮೊದಲನೆಯ ಚಾರ್ಲ್ಸನಿಗೂ ಪುಸ್ತಕವನ್ನು ಎರವಲು ಕೊಡಲಿಲ್ಲ. ನಕಲು ಪ್ರತಿಯ ಬಗ್ಗೆ ಮಾತ್ರ ಧೈರ್ಯವಾಗಿ ಕೇಳಬೇಕು: ಲೇಖಕರು ತೀರಿಕೊಂಡ ಮರುವರ್ಷದ ಆರಂಭದಿಂದ ಎಣಿಸಿ 60 ವರ್ಷ ದಾಟಿದ್ದರೆ, ಅವರ ಜೀವಿತಕಾಲದಲ್ಲಿಯೇ ಅಚ್ಚಾದ ಕೃತಿಗೆ ನಮ್ಮ ದೇಶದಲ್ಲಿ ಹಕ್ಕುಸ್ವಾಮ್ಯದ ತಡೆ ಇರುವುದಿಲ್ಲ. ಆದರೆ ಕಾಗದ ಮುರಿಯುವ ಸ್ಥಿತಿಯಲ್ಲಿದ್ದರೆ ಜೆರಾಕ್ಸ್ ಯಂತ್ರಕ್ಕೆ ಒಡ್ಡದೆ, ಅನುಮತಿ ಪಡೆದು ಫೋಟೊ ತೆಗೆದುಕೊಳ್ಳುವುದೇ ಸರಿ.

ನನ್ನನ್ನು ನಿಜವಾಗಿ ಕಾಡುವುದು ಯಾವ ಸಂಸ್ಥೆಗೂ ಸೇರದ ಓದುಗರ ಪಾಡು. ನಿವೃತ್ತ ಉಪಾಧ್ಯಾಯರಿಗೆ, ಊರಿನ ಇತಿಹಾಸ ಬರೆಯಹೊರಟ ರೈತರಿಗೆ ಪರಿಚಯ ಪತ್ರ ಕೊಡುವವರು ಯಾರು? ಬಾಡ್ಲಿಯನ್‌ನಲ್ಲಿ ಹೊರಗಿನ ಓದುಗರು ಗುರುತನ್ನೂ ಉದ್ದೇಶವನ್ನೂ ತೋರಿಸಿ, ಪುಸ್ತಕಕ್ಕೆ ಹಾನಿ ಮಾಡುವುದಿಲ್ಲ, ಒಳಗೆ ಬೆಂಕಿ ತರುವುದಿಲ್ಲ ಎಂಬ ಪ್ರತಿಜ್ಞೆಯನ್ನು ಗಟ್ಟಿಯಾಗಿ ಓದುವ ಪದ್ಧತಿಯಿದೆ. ಅದರ ಪಠ್ಯ ನೂರಕ್ಕೂ ಹೆಚ್ಚು ಭಾಷೆಗಳಲ್ಲಿದೆ. ನಮ್ಮ ವಿಶ್ವವಿದ್ಯಾಲಯಗಳು ಇಷ್ಟನ್ನಾದರೂ ಮಾಡಲಿ: ಯಾವ ದಾಖಲೆ ತರಬೇಕು, ಎಷ್ಟು ಶುಲ್ಕ ಕಟ್ಟಬೇಕು, ಪತ್ರವಿಲ್ಲದವರು ಯಾರನ್ನು ಕಾಣಬೇಕು ಎಂಬುದನ್ನು ಕನ್ನಡದಲ್ಲಿ ಒಂದು ಪುಟ ಬರೆದು ತಮ್ಮ ಜಾಲತಾಣದಲ್ಲಿ ಹಾಕಲಿ, ಗ್ರಂಥಾಲಯದ ಬಾಗಿಲಲ್ಲೂ ಅಂಟಿಸಲಿ.