ಹ್ಯಾರಿಸನ್ ಪಿಕ್ಕಿಗೆ ಸಿ ಪ್ಲಸ್

ಅಮೆರಿಕದ ಓಹಾಯೊ ರಾಜ್ಯದ ಕೊಲಂಬಸ್‌ನಲ್ಲಿ ನಾನು ಆಡುವ ಫ್ಯಾಂಟಸಿ (ಅಮೆರಿಕನ್) ಫುಟ್‌ಬಾಲ್ ಲೀಗಿನಲ್ಲಿ ಒಂದು ರೂಢಿಯಿದೆ. ಮೇ ತಿಂಗಳಲ್ಲಿ ರೂಕಿ ಡ್ರಾಫ್ಟ್, ಅಂದರೆ ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವುದು, ಮುಗಿದ ವಾರದೊಳಗೆ ನಮ್ಮಲ್ಲೇ ಒಬ್ಬರು ಹನ್ನೆರಡೂ ತಂಡಗಳಿಗೆ ಗ್ರೇಡ್ ಬರೆದು ಎಲ್ಲರಿಗೂ ಕಳಿಸಬೇಕು. 2024ರಲ್ಲಿ ಆ ಕೆಲಸ ನನ್ನ ಪಾಲಿಗೆ ಬಂತು. ಎರಡು ಸಾಲು ಗೀಚಿ ಮುಗಿಸುವವರೇ ಹೆಚ್ಚು. ನನಗೆ ಹಾಗೆ ಮಾಡಲು ಮನಸ್ಸು ಬರಲಿಲ್ಲ. ಚಳಿಗಾಲವೆಲ್ಲ ಕಾಲೇಜು ಪಂದ್ಯಗಳ ವಿಡಿಯೋ ನೋಡಿ, ಪಟ್ಟಿ ಮಾಡಿ, ಒಡೆದು ಮತ್ತೆ ಕಟ್ಟಿ ಬಂದ ಜನ ಇವರು. ಅವರ ಲೆಕ್ಕಾಚಾರಕ್ಕೆ ಒಂದು ಅಕ್ಷರ ಅಂಟಿಸುವಾಗ ಯಾಕೆ ಅಂತ ಹೇಳಬೇಕಾದ್ದು ನನ್ನ ಕರ್ತವ್ಯ ಅನ್ನಿಸಿತು.

ಐಪಿಎಲ್ ಸಮಯದಲ್ಲಿ ಸಂಜೆ ತಂಡ ಕಟ್ಟಿ ರಾತ್ರಿ ಪಂದ್ಯ ಮುಗಿಯುತ್ತಲೇ ಮರೆತುಬಿಡುವ ಫ್ಯಾಂಟಸಿ ಆಟ ನಮ್ಮೂರಲ್ಲಿ ಎಲ್ಲರಿಗೂ ಗೊತ್ತು. ನಮ್ಮದು ಡೈನಸ್ಟಿ ಲೀಗ್. ಒಮ್ಮೆ ತೆಗೆದುಕೊಂಡ ಆಟಗಾರ ನಾವು ಬಿಡುವವರೆಗೂ, ಮಾರುವವರೆಗೂ ನಮ್ಮವನೇ. ಅವನು ನಿಜವಾದ ಪಂದ್ಯದಲ್ಲಿ ಓಡಿದ ಯಾರ್ಡು, ಹಿಡಿದ ಪಾಸು, ಹೊಡೆದ ಟಚ್‌ಡೌನು ನಮ್ಮ ಖಾತೆಗೆ ಅಂಕವಾಗಿ ಬರುತ್ತದೆ. ಏಪ್ರಿಲ್ ಕೊನೆಯಲ್ಲಿ ಅಮೆರಿಕದ ವೃತ್ತಿಪರ ಲೀಗಾದ ಎನ್‌ಎಫ್‌ಎಲ್‌ನ ತಂಡಗಳು ಕಾಲೇಜಿನಿಂದ ಹೊಸ ಹುಡುಗರನ್ನು ಆರಿಸುತ್ತವೆ; ಆ ವರ್ಷ ಅದು ಡೆಟ್ರಾಯಿಟ್‌ನಲ್ಲಿ 25ರಿಂದ 27ರವರೆಗೆ ನಡೆಯಿತು. ಅದಾದ ಮೇಲೆ ಅದೇ ಹುಡುಗರನ್ನು ನಾವು ಹಂಚಿಕೊಳ್ಳುತ್ತೇವೆ. ಹಿಂದಿನ ವರ್ಷ ಕೊನೆಗೆ ಬಂದವರಿಗೆ ಮೊದಲ ಪಿಕ್, ಅಂದರೆ ಆರಿಸುವ ಮೊದಲ ಸರದಿ. ನಮ್ಮಲ್ಲಿ ಇಬ್ಬರು ಕ್ವಾರ್ಟರ್‌ಬ್ಯಾಕ್‌ಗಳನ್ನು, ಅಂದರೆ ಪಾಸ್ ಎಸೆಯುವವರನ್ನು, ಆಡಿಸಬಹುದಾದ್ದರಿಂದ ಅವರಿಗೆ ಬೆಲೆ ಜಾಸ್ತಿ. ಎದುರಾಳಿಯನ್ನು ತಡೆಯುವ, ಪಾಸನ್ನೂ ಹಿಡಿಯುವ ಟೈಟ್ ಎಂಡ್ ಎಂಬ ಆಟಗಾರ ಹಿಡಿದ ಪ್ರತಿ ಪಾಸಿಗೆ ಒಂದೂವರೆ ಅಂಕ, ಉಳಿದವರಿಗೆ ಒಂದು.

ನಾನು ಶ್ರೀನಿವಾಸಪುರದ ಕಡೆಯವನು. ಅಲ್ಲಿ ಮಾವಿನ ತೋಪನ್ನು ಹೂ ನೋಡಿ ಗುತ್ತಿಗೆ ಹಿಡಿಯುತ್ತಾರೆ. ಕಾಯಿ ಕಟ್ಟುವ ಮೊದಲೇ ದುಡ್ಡು ಕೈ ಬದಲಾಗಿರುತ್ತದೆ. ಆಮೇಲೆ ಆಲಿಕಲ್ಲು ಬಿದ್ದರೆ ಗುತ್ತಿಗೆದಾರನಿಗೆ ನಷ್ಟ, ಆದರೆ ಅವನು ತೋಪು ನೋಡಿದ ಕಣ್ಣು ಕೆಟ್ಟದ್ದು ಅಂತ ಊರಲ್ಲಿ ಯಾರೂ ಅನ್ನುವುದಿಲ್ಲ. ಎಷ್ಟು ಹೂವಿಗೆ ಎಷ್ಟು ಕೊಟ್ಟ ಅನ್ನುವುದನ್ನು ಮಾತ್ರ ಮಾತಾಡಿಕೊಳ್ಳುತ್ತಾರೆ. ರೂಕಿ ಡ್ರಾಫ್ಟಿಗೆ ಗ್ರೇಡ್ ಕೊಡುವಾಗ ನಾನು ಹಿಡಿದುಕೊಂಡ ಅಳತೆಯೂ ಇದೇ.

ಹಾಗಾಗಿ ಆಟಗಾರ ನನಗೆ ಇಷ್ಟವೋ ಇಲ್ಲವೋ ಅನ್ನುವುದನ್ನು ಪಕ್ಕಕ್ಕಿಟ್ಟೆ. ಆ ರಾತ್ರಿ ಎಲ್ಲರಿಗೂ ಗೊತ್ತಿದ್ದದ್ದು ಏನು, ಅವನು ಎಷ್ಟನೇ ಪಿಕ್ಕಿಗೆ ಬಂದ, ಆ ತಂಡದಲ್ಲಿ ಈಗಾಗಲೇ ಯಾರಿದ್ದಾರೆ, ಇಷ್ಟನ್ನೇ ನೋಡಿದೆ. ಕ್ವಾರ್ಟರ್‌ಬ್ಯಾಕ್ ಮೈಕಲ್ ಪೆನಿಕ್ಸ್‌ನನ್ನೇ ತೆಗೆದುಕೊಳ್ಳಿ. ಅಟ್ಲಾಂಟಾ ಫಾಲ್ಕನ್ಸ್ ಅವನನ್ನು ಎಂಟನೆಯವನಾಗಿ ಆರಿಸಿತು. ಅದೇ ತಂಡ ಮಾರ್ಚ್‌ನಲ್ಲಷ್ಟೇ ಅನುಭವಿ ಕ್ವಾರ್ಟರ್‌ಬ್ಯಾಕ್ ಕರ್ಕ್ ಕಸಿನ್ಸ್ ಜೊತೆ ನಾಲ್ಕು ವರ್ಷಕ್ಕೆ 18 ಕೋಟಿ ಡಾಲರ್‌ವರೆಗಿನ ಒಪ್ಪಂದ ಮಾಡಿಕೊಂಡಿತ್ತು. ಅಂದರೆ ಹುಡುಗ ಬೆಂಚಿನ ಮೇಲೆ ಕೂರುವುದು ಖಚಿತ, ಅದೂ 24 ತುಂಬಿದವನು, ಕಾಲೇಜಿನಲ್ಲೇ ಮೊಣಕಾಲಿನ ಎಸಿಎಲ್ ಎಂಬ ಅಸ್ಥಿರಜ್ಜನ್ನು ಎರಡು ಸಲ ಹರಿದುಕೊಂಡವನು. ನಮ್ಮ ಲೀಗಿನಲ್ಲಿ ಇವನನ್ನು ಎರಡನೇ ಸುತ್ತಿನಲ್ಲಿ ತೆಗೆದುಕೊಂಡವರ ಬಳಿ ಆಗಲೇ ಇಬ್ಬರು ಗಟ್ಟಿ ಕ್ವಾರ್ಟರ್‌ಬ್ಯಾಕ್‌ಗಳಿದ್ದರು, ಕಾಯುವ ಶಕ್ತಿ ಇತ್ತು. ಬಿ ಪ್ಲಸ್ ಕೊಟ್ಟೆ. ಇದೇ ಪಿಕ್ಕನ್ನು ಕ್ವಾರ್ಟರ್‌ಬ್ಯಾಕ್ ಇಲ್ಲದೆ ಒದ್ದಾಡುತ್ತಿದ್ದ ತಂಡ ಮಾಡಿದ್ದರೆ ಡಿ ಕೊಡುತ್ತಿದ್ದೆ.

ನನ್ನ ತಂಡಕ್ಕೆ ನಾನೇ ಗ್ರೇಡ್ ಕೊಟ್ಟುಕೊಳ್ಳಲು ಬರುವುದಿಲ್ಲವಲ್ಲ, ಅದನ್ನು ಲೀಗಿನಲ್ಲಿರುವ ಇನ್ನೊಬ್ಬ ಕನ್ನಡಿಗನಿಗೆ ಬಿಟ್ಟೆ. ದಾವಣಗೆರೆಯವನು, ಕೊಲಂಬಸ್ ಪಕ್ಕದ ಡಬ್ಲಿನ್ ಬಡಾವಣೆಯಲ್ಲಿ ನಮ್ಮ ಮನೆಗೆ ಹತ್ತಿರವೇ ಇರುವವನು. ನಾನು ಏಳನೇ ಪಿಕ್ಕಿನಲ್ಲಿ ಬ್ರಾಕ್ ಬಾವರ್ಸ್ ಎಂಬ ಟೈಟ್ ಎಂಡನ್ನು ತೆಗೆದುಕೊಂಡಿದ್ದೆ. ಅವನನ್ನು ಆರಿಸಿದ ರೈಡರ್ಸ್ ತಂಡದಲ್ಲಿ ಹಿಂದಿನ ವರ್ಷವಷ್ಟೇ ಬಂದ ಮೈಕಲ್ ಮೇಯರ್ ಎಂಬ ಟೈಟ್ ಎಂಡ್ ಇದ್ದಾನೆ ಅಂತ ಕೆಲವರು ಹಿಂಜರಿದಿದ್ದರು.

"ಗುರು, ಟೈಟ್ ಎಂಡಿಗೆ ಒಂದೂವರೆ ಅಂಕ ಕೊಡೋ ಲೀಗಲ್ಲಿ ಅವನು ಏಳರವರೆಗೂ ಉಳಿದಿದ್ದೇ ತಪ್ಪು. ಸಿಕ್ಕಿದ್ದನ್ನ ನೀನು ಬಿಡ್ಲಿಲ್ಲ, ಅಷ್ಟೇ. ಎ ಕೊಡ್ತೀನಿ, ಎ ಪ್ಲಸ್ ಕೇಳ್ಬೇಡ," ಅಂದ.

ನಾನು ಕೇಳಲಿಲ್ಲ. ಅವನ ಮಾತು ಸರಿಯಿತ್ತು.

ಕಷ್ಟವಾದದ್ದು ಎರಡನೇ ಪಿಕ್.

ಅಮೆರಿಕನ್ ಫುಟ್‌ಬಾಲ್ ನೋಡದವರಿಗೆ ಓಹಾಯೊ ಸ್ಟೇಟ್ ಅಂದರೆ ಕೊಲಂಬಸ್‌ಗೆ ಏನು ಅಂತ ಹೇಳುವುದು ಕಷ್ಟ. ಒಂದು ವಿಶ್ವವಿದ್ಯಾಲಯದ ಮೈದಾನದಲ್ಲಿ ಒಂದು ಲಕ್ಷಕ್ಕೂ ಮೀರಿದ ಜನ ಕೂರುತ್ತಾರೆ. ಪಂದ್ಯವಿರುವ ಶನಿವಾರ ದಿನಸಿ ಅಂಗಡಿಯ ಕ್ಯಾಷಿಯರ್‌ನಿಂದ ಹಿಡಿದು ಹಲ್ಲಿನ ಡಾಕ್ಟರ್‌ವರೆಗೆ ಎಲ್ಲರ ಮೈಮೇಲೆ ಕಡುಗೆಂಪು ಅಂಗಿ. ಆ ಊರಿನ ಕಣ್ಮಣಿ ಮಾರ್ವಿನ್ ಹ್ಯಾರಿಸನ್ ಜೂನಿಯರ್. ಅಪ್ಪ ಇಂಡಿಯಾನಾಪೊಲಿಸ್ ಕೋಲ್ಟ್ಸ್‌ನ ದಂತಕಥೆ, ಹಾಲ್ ಆಫ್ ಫೇಮ್ ಸೇರಿದವರು. ಮಗ 2023ರಲ್ಲಿ ದೇಶದ ಅತ್ಯುತ್ತಮ ಕಾಲೇಜು ರಿಸೀವರ್‌ಗೆ, ಅಂದರೆ ಪಾಸ್ ಹಿಡಿಯುವವನಿಗೆ, ಕೊಡುವ ಬಿಲೆಟ್ನಿಕಾಫ್ ಪ್ರಶಸ್ತಿ ಗೆದ್ದವನು. ಡ್ರಾಫ್ಟಿಗೆ ಮುಂಚೆ ಓಟದ ಪರೀಕ್ಷೆಗೂ ಅವನು ನಿಲ್ಲಲಿಲ್ಲ. ನನ್ನ ಆಟ ನೋಡಿಕೊಳ್ಳಿ ಅನ್ನುವ ಹಾಗೆ. ಅರಿಜೋನಾ ಕಾರ್ಡಿನಲ್ಸ್ ಅವನನ್ನು ನಾಲ್ಕನೆಯವನಾಗಿ ತೆಗೆದುಕೊಂಡಿತು.

ನಮ್ಮ ಲೀಗಿನಲ್ಲಿ ಒಂದು ತಂಡವನ್ನು ಅಪ್ಪ ಮಗ ಸೇರಿ ನಡೆಸುತ್ತಾರೆ. ಅಪ್ಪ ನನ್ನ ಆಫೀಸಿನವರು. ಮಗ ಹೈಸ್ಕೂಲು. ಅವರ ಕೈಯಲ್ಲಿದ್ದದ್ದು ನಾಲ್ಕನೇ ಪಿಕ್. ಡ್ರಾಫ್ಟ್ ರಾತ್ರಿ, ಮೊದಲ ಪಿಕ್ಕಿಗೆ ಕೇಲೆಬ್ ವಿಲಿಯಮ್ಸ್ ಹೋದ ಮೇಲೆ, ಹುಡುಗ ಎದ್ದು ಎರಡನೇ ಪಿಕ್ಕಿನವರ ಹತ್ತಿರ ಹೋಗಿ ಕೂತ. ನಮ್ಮ ಲೀಗ್ ನಡೆಸುವ ಕಮಿಷನರ್ ಮನೆಯ ಬೇಸ್‌ಮೆಂಟಿನಲ್ಲಿ ಎಲ್ಲರೂ ಮಾತು ನಿಲ್ಲಿಸಿದರು. ತಮ್ಮ ನಾಲ್ಕನೇ ಪಿಕ್ಕಿನ ಜೊತೆ 2025ರ ಮೊದಲ ಸುತ್ತಿನ ಪಿಕ್ಕನ್ನೂ ಕೊಟ್ಟು ಎರಡಕ್ಕೆ ಏರಿದರು. ಹುಡುಗ ಗೋಡೆಯ ದೊಡ್ಡ ಹಾಳೆಯ ಮೇಲೆ ಹ್ಯಾರಿಸನ್ ಹೆಸರಿನ ಸ್ಟಿಕರ್ ಅಂಟಿಸಿ, ನಾಲ್ಕೂ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ಕೂರಿಸಿದ. ಅವನ ಅಪ್ಪ ಆಮೇಲೆ ಬಂದು ಇನ್ನೊಮ್ಮೆ ಒತ್ತಿದರು.

ಮೂರಕ್ಕೆ ಕ್ವಾರ್ಟರ್‌ಬ್ಯಾಕ್ ಜೇಡನ್ ಡೇನಿಯಲ್ಸ್ ಹೋದ. ಅವರು ಬಿಟ್ಟುಕೊಟ್ಟ ನಾಲ್ಕನೇ ಜಾಗದಲ್ಲಿ ಮಲಿಕ್ ನೇಬರ್ಸ್ ಎಂಬ ಇನ್ನೊಬ್ಬ ರಿಸೀವರ್ ಬಂದ.

ನಾನು ಸಿ ಪ್ಲಸ್ ಕೊಟ್ಟೆ. ಹ್ಯಾರಿಸನ್ ಆ ವರ್ಷದ ಅತ್ಯುತ್ತಮ ರಿಸೀವರ್ ಅಂತಲೇ ಬರೆದೆ. ಆದರೆ ನೇಬರ್ಸ್ ಅವನಿಗಿಂತ ಕೂದಲೆಳೆಯಷ್ಟೇ ಕೆಳಗಿದ್ದ, ಮತ್ತು ಆ ಎಳೆಯಷ್ಟು ಅಂತರಕ್ಕೆ ಇಡೀ ಮುಂದಿನ ವರ್ಷದ ಮೊದಲ ಸುತ್ತು ಕೊಟ್ಟದ್ದು ದುಬಾರಿ ಅನ್ನುವುದು ನನ್ನ ವಾದ. ಚೆಂಡು ಹಿಡಿದು ಓಡುವ ಅವರ ರನ್ನಿಂಗ್ ಬ್ಯಾಕ್‌ಗಳಿಗೆ ವಯಸ್ಸಾಗಿತ್ತು. ತಂಡ ಕೆಳಗೇ ಉಳಿದರೆ ಆ ಪಿಕ್ ಮೂರೋ ನಾಲ್ಕೋ ಆಗುತ್ತದೆ, ಅದನ್ನು ಕೊಟ್ಟವರು ಬೆಲೆ ಕಟ್ಟಲಿಲ್ಲ ಅಂತ ಬರೆದೆ.

ಮುಂದಿನ ವಾರ ಹುಡುಗ ಅಪ್ಪನ ಜೊತೆ ಆಫೀಸಿನ ಹತ್ತಿರದ ಕಾಫಿ ಅಂಗಡಿಗೆ ಬಂದ. ಕೈಯಲ್ಲಿ ರೂಲ್ಡ್ ನೋಟ್‌ಬುಕ್. ಸಿಟ್ಟಿನಲ್ಲಿ ಬಂದಿರಬಹುದು ಅಂದುಕೊಂಡಿದ್ದೆ. ಅವನು ತಯಾರಾಗಿ ಬಂದಿದ್ದ.

"ನಾವು ಮತ್ತೆ ಕೆಳಗೇ ಬರ್ತೀವಿ ಅಂತ ನೀವೇ ತೀರ್ಮಾನ ಮಾಡಿ, ಅದರ ಮೇಲೆ ಬೆಲೆ ಕಟ್ಟಿದೀರಿ," ಅಂದ. "ನಮಗೆ ಇಬ್ಬರು ಒಳ್ಳೆ ಕ್ವಾರ್ಟರ್‌ಬ್ಯಾಕ್ ಇದಾರೆ. ರಿಸೀವರ್ ಒಬ್ಬ ಸೇರಿದ್ರೆ ನಾವು ಆರೋ ಏಳೋ ಆಗ್ತೀವಿ. ಆಗ ಆ ಪಿಕ್ ಆರೋ ಏಳೋ."

"ಸರಿ. ಆದ್ರೆ ನೇಬರ್ಸ್ ಬಂದಿದ್ರೂ ಅಷ್ಟೇ ಆಗ್ತಿತ್ತಲ್ಲ?"

ಅವನು ನೋಟ್‌ಬುಕ್ ತಿರುಗಿಸಿದ. 2023ರ ಅಕ್ಟೋಬರಿನ ಪೆನ್ ಸ್ಟೇಟ್ ಪಂದ್ಯದ ಪುಟ. ಓಹಾಯೊ ಸ್ಟೇಟ್ 20–12ರಿಂದ ಗೆದ್ದ ಪಂದ್ಯ. ಅಪ್ಪ ಮಗ ಇಬ್ಬರೂ ಅವತ್ತು ಮೈದಾನದಲ್ಲಿದ್ದರು. ಹ್ಯಾರಿಸನ್ 11 ಪಾಸ್ ಹಿಡಿದು 162 ಯಾರ್ಡ್ ಗಳಿಸಿದ್ದ. ಪ್ರತಿಯೊಂದನ್ನೂ ಹುಡುಗ ಪೆನ್ಸಿಲಿನಲ್ಲಿ ಬರೆದುಕೊಂಡಿದ್ದ: ಎಡಗಡೆಯಿಂದ ಹೊರಟನೋ ಬಲಗಡೆಯಿಂದಲೋ, ಕಾವಲಿಗೆ ಒಬ್ಬನೋ ಇಬ್ಬರೋ.

"ಚೆಂಡು ಇವನಿಗೇ ಬರುತ್ತೆ ಅಂತ ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ನಿಲ್ಲಿಸೋಕೆ ಆಗಲಿಲ್ಲ. ಆ ಅಂತರವನ್ನ ನೀವು ಎಳೆಯಷ್ಟು ಅಂತ ಬರೆದಿದೀರಿ. ನಾನು ಹಾಗೆ ಅಂದುಕೊಂಡಿಲ್ಲ. ನನ್ನ ಲೆಕ್ಕದಲ್ಲಿ ಬೆಲೆ ಸರಿ ಇದೆ."

ನನಗೆ ಆ ಮಾತು ತುಂಬ ಹಿಡಿಸಿತು. ಗ್ರೇಡ್ ಬದಲಿಸು ಅಂತ ಅವನು ಕೇಳಲೇ ಇಲ್ಲ. ತನ್ನ ತೂಕ ಬೇರೆ, ಅದಕ್ಕೆ ಆಧಾರ ಇಂಥದ್ದು ಅಂತ ತೋರಿಸಿದ. ನಾನು ಸಿ ಪ್ಲಸ್ ಉಳಿಸಿಕೊಂಡೆ, ಆದರೆ ಅವನ ವಾದವನ್ನು ಅವನ ಮಾತಲ್ಲೇ ಗ್ರೇಡಿನ ಕೆಳಗೆ ಸೇರಿಸಿ ಎಲ್ಲರಿಗೂ ಮತ್ತೆ ಕಳಿಸಿದೆ. ಉಳಿದವರೂ ತಮ್ಮ ತಮ್ಮ ಉತ್ತರ ಕಳಿಸತೊಡಗಿದರು. ಒಂದು ಪುಟದ ಗ್ರೇಡ್ ಪಟ್ಟಿ ಹಿಗ್ಗಿ ಸಣ್ಣ ಪುಸ್ತಕದಷ್ಟಾಯಿತು. ಈ ಲೀಗಿನಲ್ಲಿ ನಾನು ಓದಿದ ಅತ್ಯುತ್ತಮ ಬರಹ ಅದು.

ಸೆಪ್ಟೆಂಬರಿನಲ್ಲಿ ಋತು ಶುರುವಾಯಿತು. ಬಫಲೊದಲ್ಲಿ ನಡೆದ ಮೊದಲ ಪಂದ್ಯದಲ್ಲಿ ಹ್ಯಾರಿಸನ್ ಹಿಡಿದದ್ದು ಒಂದೇ ಪಾಸು, ನಾಲ್ಕು ಯಾರ್ಡ್. ಮುಂದಿನ ವಾರ ರ‍್ಯಾಮ್ಸ್ ವಿರುದ್ಧ 130 ಯಾರ್ಡ್, ಎರಡು ಟಚ್‌ಡೌನ್. ಅವತ್ತು ಹುಡುಗನ ಮೆಸೇಜ್ ಬಂತು: ಪಂದ್ಯ ನೋಡ್ತಿದೀರಾ? ನೋಡುತ್ತಿದ್ದೆ. ಋತು ಮುಗಿದಾಗ ಹ್ಯಾರಿಸನ್ ಲೆಕ್ಕ 885 ಯಾರ್ಡ್, ಎಂಟು ಟಚ್‌ಡೌನ್. ನೇಬರ್ಸ್ 109 ಪಾಸ್ ಹಿಡಿದು 1,204 ಯಾರ್ಡ್. ಬಾವರ್ಸ್ 112 ಪಾಸ್ ಹಿಡಿದು ರೂಕಿಗಳ ದಾಖಲೆಯನ್ನೇ ಮುರಿದ. ಡೇನಿಯಲ್ಸ್ ಓಡಿಯೇ 891 ಯಾರ್ಡ್ ಗಳಿಸಿ, ವರ್ಷದ ರೂಕಿ ಪ್ರಶಸ್ತಿ ಹೊತ್ತುಕೊಂಡ.

ಜನವರಿಯಲ್ಲಿ ಎಲ್ಲರೂ ಸೇರಿದಾಗ ಹಳೆಯ ಗ್ರೇಡ್ ಪಟ್ಟಿ ಹೊರಬಂತು. ನಿನ್ನ ಸಿ ಪ್ಲಸ್ ಎಷ್ಟು ಸರಿ ಇತ್ತು ನೋಡು ಅಂತ ಒಂದಿಬ್ಬರು ಬೆನ್ನು ತಟ್ಟಿದರು. ಅದೇ ಜನ ಜೊನಾಥನ್ ಬ್ರೂಕ್ಸ್ ಪಿಕ್ಕಿಗೆ ನಾನು ಕೊಟ್ಟ ಎ ಮೈನಸ್ ತೋರಿಸಿ ತಲೆ ಅಲ್ಲಾಡಿಸಿದರು. ಬ್ರೂಕ್ಸ್ ಆ ವರ್ಷ ಎನ್‌ಎಫ್‌ಎಲ್‌ನಲ್ಲಿ ಆಯ್ಕೆಯಾದ ಮೊದಲ ರನ್ನಿಂಗ್ ಬ್ಯಾಕ್, 46ನೇ ಪಿಕ್. ಕಾಲೇಜಿನ ಕೊನೆಯಲ್ಲಿ ಎಸಿಎಲ್ ಹರಿದಿತ್ತು, ಅದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಕೆರೊಲಿನಾ ಪ್ಯಾಂಥರ್ಸ್ ಪರ ಮೂರೇ ಪಂದ್ಯ ಆಡಿ, ಡಿಸೆಂಬರಿನಲ್ಲಿ ಅದೇ ಮೊಣಕಾಲು ಮತ್ತೆ ಹೋಯಿತು.

ನಾನು ಎರಡನ್ನೂ ಒಪ್ಪಲಿಲ್ಲ, ಹೊಗಳಿಕೆಯನ್ನೂ ಆಕ್ಷೇಪವನ್ನೂ. ಬ್ರೂಕ್ಸ್‌ನನ್ನು ತೆಗೆದುಕೊಂಡವರಿಗೆ ಮೊದಲ ಸುತ್ತಿನ ಬಾಲದಲ್ಲಿ ಸಿಕ್ಕಿದ್ದ. ಅವನು ಒಂದು ವರ್ಷ ಆಡದಿದ್ದರೂ ನಡೆಯುವಷ್ಟು ಬ್ಯಾಕ್‌ಗಳು ಅವರಲ್ಲಿದ್ದರು. ಗಾಯದ ಅಪಾಯಕ್ಕೆ ಬೆಲೆಯಲ್ಲಿ ಆಗಲೇ ರಿಯಾಯಿತಿ ಸಿಕ್ಕಿತ್ತು. ಆ ಮೇ ತಿಂಗಳ ರಾತ್ರಿಗೆ ಅದು ಒಳ್ಳೆಯ ಪಿಕ್, ಇವತ್ತಿಗೂ ಹಾಗೆಯೇ ಹೇಳುತ್ತೇನೆ. ಯಾರ್ಡ್ ಎಣಿಸಿ ಹಳೆಯ ಗ್ರೇಡ್ ತಿದ್ದುವುದಾದರೆ ಪ್ರತಿ ವರ್ಷ ತಿದ್ದುತ್ತಲೇ ಇರಬೇಕಾಗುತ್ತದೆ. 2025ರ ಸೆಪ್ಟೆಂಬರಿನಲ್ಲಿ ನೇಬರ್ಸ್‌ಗೂ ಎಸಿಎಲ್ ಹರಿಯಿತು. ಹಾಗಂತ ಹುಡುಗನ ಸಿ ಪ್ಲಸ್ ರಾತ್ರೋರಾತ್ರಿ ಎ ಆಗಿಬಿಡಬೇಕೇ?

ಜನವರಿಯ ಆ ಚರ್ಚೆಯಲ್ಲಿ ನನಗೆ ನಿಜಕ್ಕೂ ಉಪಯೋಗಕ್ಕೆ ಬಂದದ್ದು ಬಕ್ಕಿ ಅರ್ವಿಂಗ್ ಎಂಬ ರನ್ನಿಂಗ್ ಬ್ಯಾಕ್ ವಿಷಯ. ಟ್ಯಾಂಪಾ ಬೇ ಅವನನ್ನು 125ನೆಯವನಾಗಿ ತೆಗೆದುಕೊಂಡಿತ್ತು. ಸಣ್ಣ ಮೈಕಟ್ಟು, 192 ಪೌಂಡ್. ನಲವತ್ತು ಯಾರ್ಡ್ ಓಟಕ್ಕೆ 4.55 ಸೆಕೆಂಡ್, ಅಷ್ಟು ಹಗುರದವನಿಗೆ ಅದು ನಿಧಾನ. ನಮ್ಮ ಲೀಗಿನಲ್ಲಿ ಮೂರನೇ ಸುತ್ತಿಗೆ ಹೋದ, ನಾನು ಬಿ ಕೊಟ್ಟೆ. ಅವನು 1,122 ಯಾರ್ಡ್ ಓಡಿದ. ಅವನನ್ನು ಆರಿಸಿದವರ ಉತ್ತರವನ್ನು ಮೇ ತಿಂಗಳಲ್ಲೇ ಓದಿದ್ದೆ: ಮೊದಲು ತಾಗಿದವನ ಕೈಗೆ ಇವನು ಬೀಳುವುದೇ ಇಲ್ಲ, ಗಡಿಯಾರಕ್ಕೆ ಕಾಣದ ಗುಣ ಅದು ಅಂತ. ಅಲ್ಲಿಂದಾಚೆ ರನ್ನಿಂಗ್ ಬ್ಯಾಕ್‌ಗಳ ವಿಡಿಯೋ ನೋಡುವಾಗ ಮೊದಲ ಡಿಕ್ಕಿಯ ನಂತರ ಏನಾಗುತ್ತದೆ ಅನ್ನುವುದಕ್ಕೆ ನನ್ನ ಹಾಳೆಯಲ್ಲಿ ಒಂದು ಹೊಸ ಕಾಲಂ ಇದೆ.

2025ರ ಮೇ ತಿಂಗಳಲ್ಲಿ ಗ್ರೇಡ್ ಬರೆಯುವ ಪಾಳಿ ಆ ಹುಡುಗನಿಗೆ ಬಂತು. ಅವರು ಕೊಟ್ಟುಬಿಟ್ಟಿದ್ದ ಪಿಕ್ ಕೊನೆಗೆ ಐದನೆಯದಾಯಿತು. ನನ್ನ ಅಂದಾಜಿಗೂ ಅವನ ಅಂದಾಜಿಗೂ ನಡುವೆ. ನಾನು ಆ ಸಲ ಓಹಾಯೊ ಸ್ಟೇಟ್‌ನ ರಿಸೀವರ್ ಎಮೆಕಾ ಎಗ್‌ಬೂಕಾನನ್ನು ತೆಗೆದುಕೊಂಡಿದ್ದೆ. ಟ್ಯಾಂಪಾ ಬೇ ಅವನನ್ನು 19ನೆಯವನಾಗಿ ಆರಿಸಿತ್ತು. ಹುಡುಗ ಬಿ ಮೈನಸ್ ಕೊಟ್ಟಿದ್ದ. ಕಾರಣ ಅರ್ಧ ಪುಟ: ಆಟಗಾರ ಅಪ್ಪಟ, ಕಾಲೇಜಿನಲ್ಲಿ ಇವನ ಆಟ ಕಣ್ಣಾರೆ ನೋಡಿದ್ದೇನೆ, ಆದರೆ ಮುಂದೆ ಅದೇ ತಂಡದ ಹಳೆಯ ರಿಸೀವರ್‌ಗಳಾದ ಮೈಕ್ ಇವಾನ್ಸ್, ಕ್ರಿಸ್ ಗಾಡ್ವಿನ್ ಇಬ್ಬರೂ ನಿಂತಿದ್ದಾರೆ, ಪಾಸು ಎಲ್ಲಿಂದ ಬರುತ್ತದೆ? ಈ ಪಿಕ್ ಮಾಡಿದವರಿಗೆ ಈ ವರ್ಷವೇ ಅಂಕ ಬೇಕಿತ್ತು.

ಓದಿ ಮುಗಿಸಿ, ಅದರ ಕೆಳಗೆ ನನ್ನ ಉತ್ತರ ಬರೆಯಲು ಕೂತೆ. ಇವಾನ್ಸ್‌ಗೆ ಬರುವ ಆಗಸ್ಟಿಗೆ 32. ಗಾಡ್ವಿನ್ ಹಿಂದಿನ ಅಕ್ಟೋಬರಿನಲ್ಲಿ ಪಾದದ ಕೀಲು ತಪ್ಪಿಸಿಕೊಂಡವನು, ಯಾವಾಗ ಮರಳುತ್ತಾನೋ ಖಚಿತವಿಲ್ಲ. ಹಾಗಾಗಿ ಪಾಸು ಬರುವ ದಾರಿ ನೀನು ಎಣಿಸಿದ್ದಕ್ಕಿಂತ ಅಗಲವಾಗಿದೆ. ನನಗೆ ಈ ವರ್ಷವೇ ಅಂಕ ಬೇಕು ಅನ್ನುವ ಮಾತು ಮಾತ್ರ ನಿಜ, ಅದಕ್ಕೆ ಮೈನಸ್ ಇಟ್ಟುಕೋ.