ಅಜ್ಜನ ಜಾತ್ರೆಗೆ ನೂರೊಂದು ರೊಟ್ಟಿ

ಕೊಪ್ಪಳದ ಸುತ್ತಿನ ಹಳ್ಳಿಗಳಲ್ಲಿ ಕೂಸಿನ ಜ್ವರ ಇಳಿದರೂ, ಬೋರಿಗೆ ನೀರು ಬಿದ್ದರೂ, ಲಾರಿ ಪಲ್ಟಿಯಾಗಿ ಡ್ರೈವರ್ ಗೀರುಗಾಯದಲ್ಲಿ ಪಾರಾದರೂ ಬಾಯಿಂದ ಬರುವ ಮಾತು ಒಂದೇ: "ಅಜ್ಜ ಕಾಯ್ದ." ಅಜ್ಜ ಎಂದರೆ ಕೊಪ್ಪಳದ ಗವಿಮಠದ ಗವಿಸಿದ್ಧೇಶ್ವರ. ಮಾತು ಅಲ್ಲಿಗೇ ನಿಲ್ಲುವುದಿಲ್ಲ. ಮನೆಯ ಹಿರಿಯರು ಹಿಂದೆಯೇ ಕೇಳುತ್ತಾರೆ, "ಏನ್ ಬೇಡ್ಕೊಂಡಿದ್ದಿ?" ಬಹಳ ಮನೆಗಳಲ್ಲಿ ಉತ್ತರ ರೊಟ್ಟಿಯ ಲೆಕ್ಕದಲ್ಲಿರುತ್ತದೆ. ಐವತ್ತೊಂದು, ನೂರೊಂದು, ಐನೂರೊಂದು.

ಗವಿಮಠದ ತೇರು ಎಳೆಯುವುದು ಪುಷ್ಯ ಬಹುಳ ಬಿದಿಗೆಯ ದಿನ. 2025ರಲ್ಲಿ ಅದು ಜನವರಿ 15ಕ್ಕೆ ಬಂದಿತ್ತು, 2026ರಲ್ಲಿ ಜನವರಿ 5ಕ್ಕೆ. ತೇರಿನ ಹಿಂದೆ ಮುಂದೆ ದಿನಗಟ್ಟಲೆ ನಡೆಯುವ ಮಹಾದಾಸೋಹಕ್ಕೆ ಊರೂರಿನಿಂದ ಟ್ರ್ಯಾಕ್ಟರು, ಬಂಡಿಗಳಲ್ಲಿ ರೊಟ್ಟಿ ಬರುತ್ತದೆ, ಲಕ್ಷಗಟ್ಟಲೆ. ದಾನಕ್ಕೂ ದಾಸೋಹಕ್ಕೂ ಇರುವ ಅಂತರ ಇಲ್ಲಿ ಕಣ್ಣಿಗೆ ಕಾಣುತ್ತದೆ. ದಾನದಲ್ಲಿ ಕೊಟ್ಟವನ ಹೆಸರು ಗೋಡೆ ಮೇಲೆ ಬರುತ್ತದೆ. ದಾಸೋಹದ ರಾಶಿಯಲ್ಲಿ ನಿಮ್ಮ ನೂರೊಂದು ರೊಟ್ಟಿ ಯಾವುದು ಎಂದು ನಿಮಗೂ ಗೊತ್ತಾಗುವುದಿಲ್ಲ. ಆದರೆ ಒಂದು ಮಾತು. ರಾಶಿಗೆ ಬಿದ್ದ ಹಸಿ ರೊಟ್ಟಿ ತಾನೊಂದೇ ಕೆಡುವುದಿಲ್ಲ, ಪಕ್ಕದವರ ಹರಕೆಯನ್ನೂ ಕೆಡಿಸುತ್ತದೆ. ಅದಕ್ಕೇ ಇಷ್ಟು ಬರೆಯುವುದು.

ಮೊದಲು ಹರಕೆ. ಎಣಿಸಲು ಬರುವಂಥದ್ದನ್ನು ಬೇಡಿಕೊಳ್ಳಿ. "ಕೈಲಾದಷ್ಟು ಮಾಡ್ತೀನಿ" ಎಂದು ಬೇಡಿಕೊಂಡವರ ಕೈಗೆ ಮುಂದೆ ಯಾವುದೂ ಆಗುವುದಿಲ್ಲ. ಹಳದಿ ಬಟ್ಟೆಯಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ಮುಡಿಪು ಕಟ್ಟಿ ಜಗಲಿಯ ಮೇಲೆ ಇಡುವುದು ಹಳೆಯ ರೂಢಿ. ಜೊತೆಗೆ ಏನು, ಎಷ್ಟು, ಯಾವ ಜಾತ್ರೆಗೆ ಎಂದು ಚೀಟಿ ಬರೆದು ಅದರೊಳಗೇ ಸೇರಿಸಿ. ಬೇಡಿಕೊಂಡ ಅವ್ವ ತೀರಿಹೋಗಿ, ಏನು ಬೇಡಿಕೊಂಡಿದ್ದಳು ಎಂದು ಸೊಸೆಯರು ತಲೆ ಕೆಡಿಸಿಕೊಳ್ಳುವುದು ತಪ್ಪುತ್ತದೆ. ಸಾಲ ತಂದು ಹರಕೆ ತೀರಿಸುವುದಂತೂ ಬೇಡವೇ ಬೇಡ. ಅಜ್ಜ ಕಾಯುತ್ತಾನೆ ಎಂದು ಹೆಲ್ಮೆಟ್ ಮನೆಯಲ್ಲಿಡುವವರಿಗೂ, ಮಾತ್ರೆ ಬಿಡುವವರಿಗೂ ಇದೇ ಮಾತು.

ಇನ್ನು ಜೋಳ. ಹಿಂಗಾರಿ ಬಿಳಿಜೋಳ ಬೇಕು, ಮಾಲದಂಡಿ ತಳಿಯಾದರೆ ಒಳ್ಳೆಯದು. ಜಾತ್ರೆಯ ಹೊತ್ತಿಗೆ ಹೊಸ ಜೋಳ ಇನ್ನೂ ಹೊಲದಲ್ಲಿರುತ್ತದೆ, ಹಾಗಾಗಿ ಕೈಗೆ ಸಿಗುವುದು ಹಿಂದಿನ ಸುಗ್ಗಿಯದು. ಹಸನು ಮಾಡಿ, ನುಶಿ (ಕಾಳಿನ ಹುಳ) ಹತ್ತಿದೆಯೇ ನೋಡಿ, ಒಂದು ದಿನ ಬಿಸಿಲಿಗೆ ಹಾಕಿ ಗಿರಣಿಗೆ ಒಯ್ಯಿರಿ. ನಿಮಗಿಂತ ಮುಂಚೆ ಕಾರ ಕುಟ್ಟಿಸಿದವರಿದ್ದರೆ ಆ ಗಿರಣಿಗೆ ಅಂದು ಹೋಗಬೇಡಿ. ಬೀಸಿದ ಹಿಟ್ಟು ಬಿಸಿ ಇರುತ್ತದೆ. ಹಾಗೇ ಬಾಯಿ ಕಟ್ಟಿದರೆ ಒಳಗೆ ಬೆವರಿ ಗಂಟಾಗುತ್ತದೆ, ಆರಲು ಬಿಡಿ. ಹಿಟ್ಟು ಹಳೆಯದಾದಷ್ಟೂ ಅದರೊಳಗಿನ ಜಿಡ್ಡು ಕೆಟ್ಟು ಕಹಿಯಾಗುತ್ತದೆ, ಜಿಗುಟೂ ಕಡಿಮೆ. ಬಡಿಯುವ ದಿನಕ್ಕೆ ನಾಲ್ಕೈದು ದಿನ ಮುಂಚೆ ಬೀಸಿಸಿದರೆ ಸಾಕು.

ಲೆಕ್ಕ ಹೀಗೆ. ತೆಳ್ಳಗೆ ಬಡಿದರೆ 1 ಕಿಲೋ ಹಿಟ್ಟಿಗೆ 15ರಿಂದ 18 ರೊಟ್ಟಿ. ನೂರೊಂದಕ್ಕೆ 7 ಕಿಲೋ ಹಿಡಿಯಿರಿ, ಒಡೆದವು, ಸುಟ್ಟು ಕರಿಯಾದವು ಅದರಲ್ಲೇ ಹೊಂದುತ್ತವೆ. ಇಡೀ ಊರಿನವರು ಸೇರಿ 5,000 ರೊಟ್ಟಿ ಮಾಡುವುದಾದರೆ 3 ಕ್ವಿಂಟಲ್‌ಗೂ ಮೇಲೆ ಹಿಟ್ಟು ಬೇಕು. ನುರಿತ ಕೈ ಒಂದು ಹಂಚಿನ ಮೇಲೆ ತಾಸಿಗೆ 20 ರೊಟ್ಟಿ ತೆಗೆಯುತ್ತದೆ. ಒಬ್ಬರು ಬಡಿದು ಒಬ್ಬರು ಬೇಯಿಸಿದರೆ ನೂರೊಂದು ಮಧ್ಯಾಹ್ನದೊಳಗೆ ಮುಗಿಯುತ್ತವೆ. ಒಬ್ಬರೇ ಎಂದರೆ ಎರಡು ದಿನಕ್ಕೆ ಹಂಚಿಕೊಳ್ಳಿ. ಭಕ್ತಿ ಎಷ್ಟಿದ್ದರೂ ಸೊಂಟ ಒಂದೇ.

ಜೋಳದಲ್ಲಿ ಗೋಧಿಯ ಅಂಟು (ಗ್ಲುಟನ್) ಇಲ್ಲ, ಅದು ತಾನಾಗಿ ಹಿಡಿದುಕೊಳ್ಳುವುದಿಲ್ಲ. ಹಿಡಿದಿಡುವುದು ಎಸರು. ಕುದಿಯುವ ನೀರು ಬಿದ್ದಾಗ ಹಿಟ್ಟಿನ ಒಂದು ಪಾಲು ಗಂಜಿಯಾಗಿ ಅಂಟಾಗುತ್ತದೆ, ಉಳಿದದ್ದನ್ನು ಅದೇ ಕಟ್ಟಿಹಾಕುತ್ತದೆ. ಆದ್ದರಿಂದ ನೀರು ಬರೀ ಬಿಸಿಯಾದರೆ ಸಾಲದು, ತೆರಳಿ ಕುದಿಯಬೇಕು. ಹಿಟ್ಟಿನ ನಡುವೆ ಕುಳಿ ಮಾಡಿ ಎಸರು ಹೊಯ್ದು, ಹಿಡಿಕೆಯಿಂದ ತಿರುವಿ, ಕೈ ತಡೆಯುವಷ್ಟು ಆರಿದ ಮೇಲೆ ನಾದಿ. ಒಟ್ಟು ನೀರು ಕಿಲೋಗೆ ಮುಕ್ಕಾಲರಿಂದ 1 ಲೀಟರ್, ಜೋಳದ ಮೇಲೆ ಹೋಗುತ್ತದೆ. ಇಡೀ 7 ಕಿಲೋ ಒಮ್ಮೆಗೇ ನಾದಿಟ್ಟರೆ ಕೊನೆಯ ಉಂಡೆಗಳು ಆರಿ ಬಿರಿಯುತ್ತವೆ. ಹತ್ತು ಹದಿನೈದು ರೊಟ್ಟಿಗೆ ಆಗುವಷ್ಟನ್ನೇ ನಾದುತ್ತಾ ಹೋಗಿ. ಉಪ್ಪು ಬೇಡ. ಉಪ್ಪು ಗಾಳಿಯ ತೇವ ಎಳೆದು ಎಂಟು ದಿನದಲ್ಲಿ ರೊಟ್ಟಿಯನ್ನು ಮೆತ್ತಗೆ ಮಾಡುತ್ತದೆ.

ಬಡಿಯುವಾಗ ಅಂಚು ಬಿರಿಯುತ್ತಿದ್ದರೆ ಎಸರು ಕುದ್ದಿಲ್ಲ, ಇಲ್ಲವೇ ಹಿಟ್ಟು ಹಳೆಯದು. ಅಂಚು ದಪ್ಪ, ನಡು ತೆಳು ಆಗುವುದೇ ದೊಡ್ಡ ದೋಷ, ಏಕೆಂದರೆ ತೇವ ಅಡಗಿ ಕೂಡುವುದು ಅಂಚಿನಲ್ಲಿ. ಹಂಚಿಗೆ ಹಾಕಿದ ಕೂಡಲೇ ಒದ್ದೆ ಅರಿವೆಯಿಂದ ಮೇಲೆ ನೀರು ಸವರಿ. ಇದರಿಂದ ಮೇಲಿನ ಒಣಹಿಟ್ಟು ಹೋಗುತ್ತದೆ, ಉಳಿದರೆ ಅದು ಸುಟ್ಟು ಕಹಿಯಾಗುತ್ತದೆ. ನೀರು ಆರುತ್ತಲೇ ತಿರುವಿ ಹಾಕಿ, ಆಮೇಲೆ ಕೆಂಡಕ್ಕೆ ಒಡ್ಡಿ. ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ ಭಗ್ಗನೆ ಉರಿದು ಆರುತ್ತವೆ, ಹಂಚು ಒಮ್ಮೆ ಕಾದರೆ ಒಮ್ಮೆ ತಣ್ಣಗೆ. ಜಾಲಿಯ ಕೆಂಡ ನಿಲ್ಲುತ್ತದೆ. ಗ್ಯಾಸ್ ಆದರೂ ನಡೆಯುತ್ತದೆ, ದೇವರಿಗೆ ಅದರಲ್ಲಿ ತಕರಾರಿಲ್ಲ.

ಉಬ್ಬಿದ ರೊಟ್ಟಿ ಊಟಕ್ಕೆ ಚಂದ, ಆದರೆ ದಾಸೋಹಕ್ಕೆ ಬೇಕಾದದ್ದು ಖಡಕ್ ರೊಟ್ಟಿ. ಬೆಂದ ಮೇಲೆ ಒಲೆಯ ಮಗ್ಗುಲಿಗೆ ಆನಿಸಿ ನಿಲ್ಲಿಸಿ, ಅಥವಾ ಸಣ್ಣ ಉರಿಯ ಹಂಚಿನ ಮೇಲೆ ಅರಿವೆಯಿಂದ ಒತ್ತುತ್ತಾ ಬಿರುಸು ಮಾಡಿ. ಬಿಸಿ ರೊಟ್ಟಿ ಒಂದರ ಮೇಲೊಂದು ಪೇರಿಸುವುದೇ ಎಲ್ಲರೂ ಮಾಡುವ ತಪ್ಪು. ಕೆಳಗಿನದರ ಹಬೆ ಮೇಲಿನದಕ್ಕೆ ಹತ್ತಿ ಎರಡೂ ಮೆತ್ತಗಾಗುತ್ತವೆ, ನಾಲ್ಕನೆಯ ದಿನಕ್ಕೆ ಬೂಷ್ಟು. ಬಿಡಿಬಿಡಿಯಾಗಿ ಆರಿಸಿ, ಬುಟ್ಟಿಯಲ್ಲಿ ನಿಲ್ಲಿಸಿ, ಮೇಲೆ ತೆಳು ಬಟ್ಟೆ ಹೊದಿಸಿ ಎರಡು ದಿನ ಬಿಸಿಲು ಗಾಳಿ ತೋರಿಸಿ. ಪುಷ್ಯದ ಇಬ್ಬನಿ ಕೆಟ್ಟದ್ದು, ಹೊತ್ತು ಮುಳುಗುವ ಮುಂಚೆ ಒಳಗೆ ತನ್ನಿ. ಆಯಿತೋ ಇಲ್ಲವೋ ನೋಡಲು ನಡು ಮುರಿಯಬೇಡಿ, ಅಂಚು ಮುರಿಯಿರಿ. ಟಕ್ ಎಂದು ಮುರಿದರೆ ಆಯಿತು. ಬಾಗಿ ಹರಿದರೆ ಇನ್ನೊಂದು ದಿನ ಬಿಸಿಲು ಬೇಕು.

ಸಂಕ್ರಾಂತಿ ಹತ್ತಿರವೇ ಬರುವುದರಿಂದ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ತರುವವರೂ ಇದ್ದಾರೆ. ರುಚಿಗೆ ಅದಕ್ಕೆ ಎದುರಿಲ್ಲ, ಆದರೆ ಸಜ್ಜೆಯಲ್ಲೂ ಎಳ್ಳಿನಲ್ಲೂ ಎಣ್ಣೆ ಹೆಚ್ಚು, ಬೇಗ ಕಮಟು ಹೊಡೆಯುತ್ತದೆ. ಅದನ್ನು ಜೋಳದ ರೊಟ್ಟಿಯೊಳಗೆ ಬೆರೆಸದೆ ಬೇರೆ ಚೀಲದಲ್ಲಿ, ತೇರಿನ ಹಿಂದುಮುಂದಿನ ದಿನ ತಲುಪಿಸಿ. ಮಾದಲಿ ಮಾಡುವವರು 1 ಕಿಲೋ ಗೋಧಿಗೆ ಮುಕ್ಕಾಲು ಕಿಲೋ ಬೆಲ್ಲ ಹಿಡಿಯಬಹುದು. ಗಟ್ಟಿ ಕಲಸಿ ದಪ್ಪ ಚಪಾತಿ ಮಾಡಿ, ಚೆನ್ನಾಗಿ ಬೇಯಿಸಿ ಆರಿಸಿ, ತರಿತರಿಯಾಗಿ ಕುಟ್ಟಿ, ಪುಡಿ ಮಾಡಿದ ಬೆಲ್ಲ, ಏಲಕ್ಕಿ, ಗಸಗಸೆ, ಪುಟಾಣಿ (ಹುರಿಗಡಲೆ) ಸೇರಿಸುವುದು. ಒಣ ಕೊಬ್ಬರಿಯೇ ಇರಲಿ. ಹಸಿ ತೆಂಗಿನಕಾಯಿ ತುರಿದು ಹಾಕಿದರೆ ಮರುದಿನವೇ ಹಳಸುತ್ತದೆ.

ಕಟ್ಟುವುದಕ್ಕೆ ಒಗೆದ ಬಿಳಿ ಬಟ್ಟೆಯ ಚೀಲ ಅಥವಾ ಬಿದಿರಿನ ಬುಟ್ಟಿ. ಪ್ಲಾಸ್ಟಿಕ್ ಕವರ್ ಬೆವರುತ್ತದೆ. ಯೂರಿಯಾ ಚೀಲ ಎಷ್ಟು ಸಲ ತೊಳೆದರೂ ಬೇಡ, ಔಷಧಿ ಬಂದ ರಟ್ಟಿನ ಡಬ್ಬಿಯೂ ಬೇಡ. ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಹಿಂದಿನ ದಿನ ಗೊಬ್ಬರ ಹೇರಿದ್ದರೆ ತೊಳೆದು ಒಣಗಿಸಿ, ಕೆಳಗೆ ಮೇವು ಹರವಿ, ಮೇಲೆ ತಾಡಪತ್ರಿ ಹಾಸಿ ಆಮೇಲೆ ಚೀಲ ಇಡಿ. ರೊಟ್ಟಿ ಚೀಲದ ಮೇಲೆ ಮಕ್ಕಳನ್ನು ಕೂರಿಸಬೇಡಿ. ಭಜನೆ, ಡೊಳ್ಳಿನ ಹುರುಪಿನಲ್ಲಿ ಇದು ಮರೆತೇಹೋಗುತ್ತದೆ, ಮಠ ಮುಟ್ಟುವಷ್ಟರಲ್ಲಿ ಅರ್ಧ ಚೀಲ ಚೂರು.

ತೇರಿನ ದಿನವೇ ತಲುಪಿಸಬೇಕೆಂದು ಹಟ ಹಿಡಿಯುವುದರಲ್ಲಿ ಅರ್ಥವಿಲ್ಲ. ಅಂದು ಊರೊಳಗೆ ಕಾಲಿಡಲು ಜಾಗವಿರುವುದಿಲ್ಲ, ನಿಮ್ಮ ಬಂಡಿ ಹೊರಗೇ ನಿಲ್ಲುತ್ತದೆ. ಎರಡು ಮೂರು ದಿನ ಮುಂಚೆ ಬೆಳಗ್ಗೆ ಹೋಗಿ ದಾಸೋಹದ ಕಡೆ ಇಳಿಸಿ, ಗುಡ್ಡದ ಮೇಲಿನ ಗದ್ದುಗೆಗೆ ಕೈಮುಗಿದು, ಮುಡಿಪಿನ ನಾಣ್ಯ ಅಲ್ಲಿ ಒಪ್ಪಿಸಿ ಬನ್ನಿ. ಕೈಯಲ್ಲಿ ಬಲವಿದ್ದರೆ ಒಂದು ಪಾಳಿ ಬಡಿಸಲು ನಿಲ್ಲಿ. ಬರುವಾಗ ಖಾಲಿ ಚೀಲಗಳನ್ನು ಕೇಳಿ ವಾಪಸ್ ತನ್ನಿ. ಒಗೆದು ಒಣಗಿಸಿ, ಬೇವಿನ ಎಲೆ ಹಾಕಿ ಮಡಚಿಟ್ಟರೆ ಬರುವ ವರ್ಷ ಓಣಿಯಲ್ಲಿ ಇನ್ನಾರಿಗಾದರೂ ಬೇಕಾಗುತ್ತವೆ.